ಸತ್ಯವ್ವನ ಮೈಮೇಲೆ ಬಂದದ್ದು

ಗುಡೂರಿನ ಸತ್ಯವ್ವ ಮೊದಲ ಸಲ ಕುರಿದೊಡ್ಡಿಯಲ್ಲಿ ಕೈಕಾಲು ಸೆಟೆದು ಬಿದ್ದಾಗ ಊರೆಲ್ಲ ಒಂದೇ ಮಾತು: ಬೀರಪ್ಪ ಮೈಮೇಲೆ ಬಂದ. ಗಂಡ ಸತ್ತವಳೆಂದು ಹಿಂದೆ ನಿಲ್ಲಿಸುತ್ತಿದ್ದವರೇ ಭಂಡಾರದ ಅರಿಶಿನ ಹಚ್ಚಿ ಕಾಲಿಗೆ ಬಿದ್ದರು. ಸೊಸೆ ಬೋರವ್ವನಿಗೂ ಹೆಮ್ಮೆಯೇ. ಬಾವಿಕಟ್ಟೆಯಲ್ಲಿ ಅವಳ ಕೊಡಕ್ಕೆ ಮೊದಲ ಸರದಿ ಸಿಗುತ್ತಿತ್ತು.

ತಲೆನೋವು, ವಾಂತಿ ನಿಲ್ಲದಾದಾಗ ಮಿರಜಿನ ದೊಡ್ಡ ದವಾಖಾನೆಗೆ ಹೋದರು. ಮಿದುಳಿನಲ್ಲಿ ಗಡ್ಡೆ, ತೆಗೆಯಲು ಬಾರದ ಜಾಗ. ಗುಳಿಗೆಯಿಂದ ಮೂರ್ಛೆಯನ್ನು ಹತೋಟಿಯಲ್ಲಿಡಬಹುದು, ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು.

ಆ ಗುಳಿಗೆಯೇನು ಸಾಧುವೇ? ವಸಡು ಉಬ್ಬಿ ಖಡಕ್ ರೊಟ್ಟಿ ಕಡಿಯಲಾಗದು. ನಡೆದರೆ ತೂರಾಟ. ಮುದುಕಿ ಕುಡಿದಿದೆ ಎಂದು ಕಿಸಕ್ಕೆಂದ ಪುಣ್ಯಾತ್ಮರೂ ಇದ್ದರು. ಸತ್ಯವ್ವ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿಂದಳು, ಕುರಿ ಕಾಯುವ ಕೋಲನ್ನೇ ಊರಿ ನಡೆದಳು, ಒಲೆಯ ಮುಂದೆ ಒಬ್ಬಳೇ ಕೂಡುವುದನ್ನು ಬಿಟ್ಟಳು. ಸೊಸೆಗೆ ಪಾಠ ಹೇಳಿದವಳೂ ಅವಳೇ.

"ಬಿದ್ದರ ಮಗ್ಗಲಾಗಿ ಹೊಳ್ಳಿಸು. ಬಾಯಾಗ ಏನೂ ಹಾಕಬ್ಯಾಡ. ಕೈಯಾಗ ಕೀಲಿ ಹಿಡಸಬ್ಯಾಡ, ನಾ ಏನ ಪೆಟಗಿ ಅಲ್ಲ."

ಅಂಥ ಹೊತ್ತಿನಲ್ಲೂ ನಗಿಸುವ ಹೆಂಗಸಿಗೆ ಏನನ್ನಬೇಕು!

ತಿಂಗಳುಗಟ್ಟಲೆ ಮೂರ್ಛೆ ಬರಲಿಲ್ಲ. ಊರಿನ ಪ್ರಕಾರ, ದೇವರು ಬರಲಿಲ್ಲ. ಹಿಂಡು ಯಾವ ದಿಕ್ಕಿಗೆ ಮೇಯಲು ಹೊರಡಬೇಕೆಂದು ದೇವರ ಬಾಯಿಂದಲೇ ಕೇಳುವುದು ರೂಢಿ. ಹಿರಿಯ ಗುರಪ್ಪ ಬಂದು ಹೊಸ್ತಿಲ ಹತ್ತಿರ ಕೂತ.

"ಯವ್ವಾ, ಎರಡ ದಿನ ಗುಳಿಗಿ ಬಿಡು. ದೇವರಿಗೆ ದಾರಿ ಕೊಡು."

ಬೋರವ್ವ ಅತ್ತೆಯ ಪಕ್ಕಕ್ಕೆ ಬಂದು ನಿಂತಳು. ಹಿರಿಯರ ಮಾತು ಮೀರಿದರೆ ಅತ್ತೆ ಮತ್ತೆ ಹಿಂದಿನ ಸಾಲಿಗೆ. ಕೇಳಿದರೆ ಅತ್ತೆಯೇ ಇಲ್ಲ.

ಸತ್ಯವ್ವ ಅವನೆದುರಿಗೇ ಗುಳಿಗೆ ನುಂಗಿ ನೀರು ಕುಡಿದಳು. "ನಾಳಿ ಗುಡಿಗೆ ಬರ್ತೇನಿ, ಗುರಪ್ಪ."

ಮರುದಿನ ಗುಡಿಯಲ್ಲಿ ಡೊಳ್ಳು ಬಡಿಯುತ್ತಿದ್ದಾಗ, ಗುಳಿಗೆ ನುಂಗಿದ್ದರೂ ಬರುವುದು ಬಂದೇಬಿಟ್ಟಿತು. ಸತ್ಯವ್ವ ಬಿದ್ದಳು. ಜನ ಅಡ್ಡಬಿದ್ದರು. ಗುರಪ್ಪ ಹಿಡಿ ಭಂಡಾರವನ್ನು ಅವಳ ಬಾಯಿಗೆ ಹಾಕಲು ಬಗ್ಗಿದ.

"ಕೈ ತಗೀರಿ!"

ಹಿರಿಯರ ಮುಂದೆ ಎಂದೂ ದನಿ ಎತ್ತದ ಬೋರವ್ವ ಕಿರುಚಿದ್ದಳು. ಅತ್ತೆಯನ್ನು ಮಗ್ಗಲಾಗಿ ಹೊರಳಿಸಿ, ಸೆರಗು ಮಡಚಿ ತಲೆಯ ಕೆಳಗಿಟ್ಟು, ಅದುರಾಟ ನಿಲ್ಲುವತನಕ ಪಕ್ಕದಲ್ಲೇ ಕೂತಳು.

ಸತ್ಯವ್ವನಿಗೆ ಎಚ್ಚರವಾದಾಗ ಗುರಪ್ಪ ಕೈಮುಗಿದ. "ದೇವರು ಯಾವ ದಿಕ್ಕ ತೋರಿಸಿದನವ್ವಾ?"

ಮೂಡಲ ಎಂದಿದ್ದರೆ ಸಾಕಿತ್ತು, ಸಾಯುವತನಕ ಅವಳು ದೇವರು. ಸತ್ಯವ್ವ ತುಟಿಯ ರಕ್ತ ಒರೆಸಿಕೊಂಡಳು.

"ಯಾ ದೇವರೂ ಬಂದಿಲ್ಲಪಾ. ಇದು ಬ್ಯಾನಿ. ನಿಮ್ಮ ಮನ್ಯಾಗ ಯಾರರ ಹಿಂಗ ಬಿದ್ದರ ಅಡ್ಡಬೀಳಬ್ಯಾಡ್ರಿ. ಈ ಹುಡುಗಿ ಮಾಡಿದಂಗ ಮಾಡ್ರಿ."

ಡೊಳ್ಳು ಮತ್ತೆ ಸದ್ದು ಮಾಡಲಿಲ್ಲ. ಜನ ಒಬ್ಬೊಬ್ಬರೇ ಎದ್ದು ಹೋದರು. ಕೊನೆಗೆ ಉಳಿದ ಬೋರವ್ವ ಬಗ್ಗಿ ಅತ್ತೆಯ ಕಾಲಿಗೆ ಹಣೆ ಹಚ್ಚಿದಳು.

"ಹುಚ್ಚಿ, ನೀನೂ ನನ್ನ ದೇವರು ಅನಕೊಂಡಿಯೇನ?"

"ಇಲ್ಲತ್ತಿ," ಎಂದಳು ಬೋರವ್ವ. "ನೀ ಅಂತನ ಕಾಲಿಗೆ ಬಿದ್ದೇನಿ."