ಸೊಂಟದ ಗುರುತು

"ಮಗ್ಗುಲಿಗೆ ತಿರುಗಿಸ್ರವ್ವ, ಬೆನ್ನಿನ ಕಡೆ ನೋಡಾನ," ಎಂದು ಹನುಮಕ್ಕ ಅರಿಸಿನ ಮೆತ್ತಿದ ಕೈಯಲ್ಲೇ ಅಪ್ಪಣೆ ಮಾಡಿದಳು.

ಹಿತ್ತಲಲ್ಲಿ ಬಾಡಿಗೆ ಮನೆಗಳ ನೀರಿನ ತೊಟ್ಟಿಯ ಪಕ್ಕ ಸೀರೆ ಮರೆ ಕಟ್ಟಿ, ಹಲಗೆಯ ಮೇಲೆ ಮಲಗಿಸಿದ ಅಂಜಿನಮ್ಮನ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು. ವಾರಗಿತ್ತಿ ಮುನಿಲಕ್ಷ್ಮಮ್ಮ ಹೆಗಲು ಹಿಡಿದಳು, ಸೊಸೆ ಶ್ಯಾಮಲಾ ಮೊಣಕಾಲು ಹಿಡಿದಳು. ವರ್ಷದ ಹಿಂದೆ ಇಬ್ಬರು ಸೇರಿದರೂ ಅಲ್ಲಾಡಿಸಲಾಗದಂತಿದ್ದ ಹೆಂಗಸು ಈಗ ಎತ್ತಿದ ಕೈಗೆ ಹಗುರವಾಗಿ ಬಂದುಬಿಟ್ಟಳು. ಹನುಮಕ್ಕ ಸತ್ತವಳ ಗಂಡನಿಗೆ ಸೋದರತ್ತೆ, ಎಂಬತ್ತು ದಾಟಿದ ಮುದುಕಿ. ಮಾಕಳಿಯ ಆ ಬೀದಿಯಲ್ಲಿ ಅವಳ ಮೇಲ್ವಿಚಾರಣೆ ಇಲ್ಲದೆ ಒಂದು ಹೆಣವೂ ಎದ್ದದ್ದಿಲ್ಲ, ಏಳುವುದಕ್ಕೆ ಅವಳು ಬಿಟ್ಟದ್ದೂ ಇಲ್ಲ.

ಸೊಂಟದ ಸುತ್ತ ಎರಡು ಬೆರಳಗಲ ಕರಿ ಪಟ್ಟಿಯೊಂದು ಚರ್ಮದೊಳಕ್ಕೇ ಇಳಿದು ಕೂತಿತ್ತು. ಎಡಭಾಗದಲ್ಲಿ ಆಸ್ಪತ್ರೆಯ ಬಿಳಿ ಬ್ಯಾಂಡೇಜು. ಹನುಮಕ್ಕ ಬೆನ್ನಿನ ಮೇಲೆ ಪಟ್ಟಿಯ ಗುಂಟ ಬೆರಳೆಳೆದು, ನೋಡಬೇಕಾದದ್ದನ್ನು ನೋಡಿದಂತೆ ತಲೆಯಾಡಿಸಿದಳು.

"ನಾನು ಆವತ್ತೇ ಯೋಳಿರ್ಲಿಲ್ವಾ? ತಲೆ ಬಾಲ ಕೂಡ್ಕಂಡೈತೆ. ಇನ್ನೆಲ್ಲಿ ಉಳೀತಾಳೆ."

ಅದು ಸರ್ಪಸುತ್ತು ಎಂಬುದು ಹನುಮಕ್ಕನ ತೀರ್ಮಾನ. ಸರ್ಪ ಸೊಂಟ ಸುತ್ತಿಕೊಂಡು ಬೆಳೆಯುತ್ತದೆ, ತಲೆಗೆ ಬಾಲ ಸೇರಿದ ದಿನ ಮನುಷ್ಯ ಉಳಿಯುವುದಿಲ್ಲ ಎಂದು ಅವಳು ಕೇಳಿ ಬೆಳೆದವಳು. ಅದಕ್ಕೇ ತಿಂಗಳುಗಟ್ಟಲೆ ಕೆಮ್ಮಣ್ಣು ಕಲಸಿ ಹಚ್ಚಿಸಿದ್ದಳು, ನಾಗರಕಲ್ಲಿಗೆ ಹಾಲೆರೆಸಿದ್ದಳು. ಹೆಣದ ಮುಂದೆ ಜಗಳವಾಡುವ ಮನಸ್ಸು ಶ್ಯಾಮಲಾಳಿಗಿರಲಿಲ್ಲ.

ಮುನಿಲಕ್ಷ್ಮಮ್ಮನ ಕೈ ಮಾತ್ರ ತಾನಾಗಿಯೇ ತನ್ನ ಎಡ ಸೊಂಟದ ಕಡೆ ಹೋಗಿ ಅರ್ಧದಲ್ಲೇ ನಿಂತಿತು. ಅದೇ ಜಾಗದಲ್ಲಿ ಅವಳಿಗೂ ಒಂದು ಹುಣ್ಣಿತ್ತು. ಗಣೇಶನ ಹಬ್ಬಕ್ಕೆ ಮುಂಚೆ ಕಂಡದ್ದು, ಸಂಕ್ರಾಂತಿ ಕಳೆದರೂ ಮಾಯ್ದಿರಲಿಲ್ಲ. ಗಂಡ ಲಕ್ಷ್ಮಣಪ್ಪನಿಗೂ ಹೇಳಿರಲಿಲ್ಲ, ಹೆತ್ತ ಮಗಳಿಗೂ ಹೇಳಿರಲಿಲ್ಲ. ಈಗ ಕಣ್ಣೆದುರಿಗೆ ಇದ್ದದ್ದನ್ನು ನೋಡಿ ಅವಳಿಗೆ ಹೆದರಿಕೆಯಾಯಿತು. ಹೆದರಿಕೆ ಎಂದರೆ ಹೆದರಿಕೆಯೇ ಅದು, ಅದಕ್ಕೆ ಬೇರೆ ಹೆಸರಿಲ್ಲ.

"ನೀರು ಉಯ್ಯೇ ಲಕ್ಷ್ಮಿ, ನಿಂತ್ಕಂಡು ಏನ್ ನೋಡ್ತೀಯ," ಎಂದಳು ಹನುಮಕ್ಕ.

ಮುನಿಲಕ್ಷ್ಮಮ್ಮ ತಂಬಿಗೆ ಎತ್ತಿಕೊಂಡಳು.

*

ಮುನಿಲಕ್ಷ್ಮಮ್ಮ ಮದುವೆಯಾಗಿ ಆ ಮನೆಗೆ ಬಂದಾಗ ಹೈವೇ ಅಂಚಿನವರೆಗೂ ಇವರದೇ ರಾಗಿ ಹೊಲ. ಮೊದಲ ದಿನ ಕಳೆ ಕೀಳಲು ಹೊರಟವಳನ್ನು ಅಂಜಿನಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದಳು. ಲಂಗದ ಲಾಡಿಯನ್ನು ತಾನೇ ಹಿಡಿದು, ಉಸಿರು ಒಳಗೆಳೆದುಕೋ ಎಂದು ಹೇಳಿ, ಗೋಣಿಚೀಲದ ಬಾಯಿ ಕಟ್ಟುವ ಹಾಗೆ ಜಗ್ಗಿ ಕಟ್ಟಿದಳು. ಹುಡುಗಿ ನೋವು ಎಂದದ್ದಕ್ಕೆ ನಕ್ಕಳು.

"ಬಗ್ಗಿ ಕಳೆ ಕೀಳೋವಾಗ ಜಾರಿದ್ರೆ ನಿಮ್ಮಪ್ಪ ಬಂದು ಎತ್ತಿ ಕಟ್ತಾನಾ? ನಾಲ್ಕು ದಿನ ನೋಯ್ತೈತೆ. ಆಮ್ಯಾಕೆ ಚರ್ಮ ಮೊದ್ದಾಗ್ತೈತೆ ಬಿಡು."

ಅವಳು ಹೇಳಿದ ಹಾಗೇ ಆಯಿತು. ಆ ಮನೆಯ ಹೆಂಗಸರಿಗೆಲ್ಲ ಸೊಂಟದ ಸುತ್ತ ಕಪ್ಪು ಗುರುತು ಇದ್ದೇ ಇರುತ್ತಿತ್ತು. ಮೀಯುವಾಗ ಒಬ್ಬರದೊಬ್ಬರು ನೋಡಿ, ಗೇದವರ ಮೈಗೆ ಇಷ್ಟಾದರೂ ಬೇಡವೇ ಎಂದು ನಗುತ್ತಿದ್ದರು. ಹೊಲ ಹೋಗಿ ಶೆಡ್ಡುಗಳು ಬಂದವು, ಉಳಿದ ಜಾಗದಲ್ಲಿ ಫ್ಯಾಕ್ಟರಿ ಕೆಲಸದವರಿಗೆಂದು ಸಾಲುಮನೆ ಎದ್ದವು. ಬಗ್ಗುವ ಕೆಲಸ ತಪ್ಪಿತೇ ಹೊರತು ಲಾಡಿ ಸಡಿಲವಾಗಲಿಲ್ಲ. ಅಂಜಿನಮ್ಮ ಅಷ್ಟೂ ಮನೆಗಳ ಬೀಗದ ಕೈ ಗೊಂಚಲನ್ನು ಆ ಲಾಡಿಗೇ ಸಿಕ್ಕಿಸಿಕೊಂಡು ಓಡಾಡಿದಳು. ಬೆವರು, ಕಬ್ಬಿಣ, ದಾರ, ಮೂರೂ ಸೇರಿ ದಿನವಿಡೀ ಅದೇ ಜಾಗವನ್ನು ಉಜ್ಜುತ್ತಿದ್ದವು. ಚರ್ಮ ಕಪ್ಪಾಯಿತು, ಆಮೇಲೆ ಅಲ್ಲಲ್ಲಿ ಬೆಳ್ಳಗಾಗಿ ಹೊಟ್ಟೆದ್ದಿತು, ಕಡೆಗೊಂದು ದಿನ ಬಿರುಕು ಬಿಟ್ಟಿತು. ಮೆಡಿಕಲ್ ಸ್ಟೋರಿನವನು ಹುಳುಕಡ್ಡಿ ಎಂದು ಮುಲಾಮು ಕೊಟ್ಟ. ಆ ಮುಲಾಮನ್ನೂ ಹನುಮಕ್ಕನ ಕೆಮ್ಮಣ್ಣನ್ನೂ ಸಂಜೆ ಹೊತ್ತು ಹಚ್ಚುತ್ತಿದ್ದವಳು ಮುನಿಲಕ್ಷ್ಮಮ್ಮನೇ. ಅಂಜಿನಮ್ಮ ಇನ್ನಾರಿಗೂ ಸೊಂಟ ತೋರಿಸುತ್ತಿರಲಿಲ್ಲ.

*

ಸ್ನಾನ ಮುಗಿಸಿ ನಡುಮನೆಗೆ ತಂದು ಸಿಂಗಾರಕ್ಕೆ ಕೂತರು. ಗಂಡನಿಗಿಂತ ಮುಂಚೆ ಹೋದವಳಾದ್ದರಿಂದ ಹಸಿರು ಬಳೆ, ಹೊಸ ಸೀರೆ, ಮುಡಿತುಂಬ ಹೂವು. ಬಂದವರೆಲ್ಲ ಮುತ್ತೈದೆ ಸಾವು, ಪುಣ್ಯವಂತೆ ಎಂದು ಹೇಳುತ್ತಿದ್ದರು. ಕಡೆಯ ಮೂರು ತಿಂಗಳು ಆ ಪುಣ್ಯವಂತೆ ನೋವಿಗೆ ದಿಂಬು ಕಚ್ಚಿದ್ದನ್ನು ಅವರು ನೋಡಿರಲಿಲ್ಲ. ಹುಣ್ಣಿನ ವಾಸನೆ ತಡೆಯಲಾರದೆ ಗಂಡ ರಾಮಾಂಜಿನಪ್ಪ ಮಂಚವನ್ನು ಜಗುಲಿಗೆ ಹಾಕಿಸಿಕೊಂಡದ್ದನ್ನೂ ನೋಡಿರಲಿಲ್ಲ. ಮುನಿಲಕ್ಷ್ಮಮ್ಮ ಎರಡನ್ನೂ ನೋಡಿದ್ದಳು. ತನ್ನ ಹುಣ್ಣಿನ ಮಾತು ನಾಲಿಗೆ ತುದಿಗೆ ಬಂದಾಗಲೆಲ್ಲ ಜಗುಲಿಯ ಆ ಮಂಚ ಕಣ್ಣಿಗೆ ಕಟ್ಟುತ್ತಿತ್ತು.

ರಾಮಾಂಜಿನಪ್ಪ ಈಗಲೂ ಅದೇ ಮಂಚದ ಮೇಲೆ ಕೂತಿದ್ದ. ಅವನ ಮೊಣಕೈ ಕೆಳಗೆಲ್ಲ ನೇರಳೆ ಬಣ್ಣದ ಕಲೆ. ವಯಸ್ಸಾದ ಚರ್ಮ, ಬಾಗಿಲಿಗೆ ತಾಗಿದರೂ ಒಳಗೆ ರಕ್ತ ಕಟ್ಟುತ್ತಿತ್ತು. ಏನಾಗಿತ್ತು ಎಂದು ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ, ಸರ್ಪಸುತ್ತು. ಆಸ್ಪತ್ರೆಯವರು ಹೇಳಿದ ಕ್ಯಾನ್ಸರ್ ಎಂಬ ಹೆಸರನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿದ್ದಿಲ್ಲ.

ಒಳಗೆ ಶ್ಯಾಮಲಾ ಅತ್ತೆಗೆ ಲಂಗ ಉಡಿಸಿ ಲಾಡಿಯನ್ನು ಸುಮ್ಮನೆ ಒಂದು ಗಂಟು ಹಾಕಿದ್ದಳು. ಹನುಮಕ್ಕ ನೋಡಿ ರೇಗಿದಳು. ಎತ್ತುವಾಗ ಜಾರಿದರೆ ಊರೆಲ್ಲ ನಗುತ್ತದೆ, ಬಿಗಿಯಾಗಿ ಕಟ್ಟು ಎಂದು ತಾನೇ ಕೈ ಹಾಕಲು ಬಂದಳು. ಮುನಿಲಕ್ಷ್ಮಮ್ಮ ಆ ಕೈ ಹಿಡಿದುಕೊಂಡಳು.

"ಬ್ಯಾಡ ಬಿಡತ್ತೆ. ಇವತ್ತಾದ್ರೂ ಸಡಿಲ ಇರ್ಲಿ."

ಆಡಿದ ಮೇಲೆ ಅವಳಿಗೇ ಗಾಬರಿಯಾಯಿತು. ಹನುಮಕ್ಕ ಗೊಣಗಿಕೊಂಡು ಹಿಂದೆ ಸರಿದಳು. ಶ್ಯಾಮಲಾ ತಲೆಯೆತ್ತಿ ಚಿಕ್ಕತ್ತೆಯ ಮುಖವನ್ನೇ ನೋಡಿದಳು, ಆಮೇಲೆ ಅವಳ ಸೊಂಟದ ಕಡೆ ನೋಡಿದಳು. ಮುನಿಲಕ್ಷ್ಮಮ್ಮ ಸೆರಗು ಎಳೆದುಕೊಂಡು ಹೂವಿನ ಬುಟ್ಟಿ ತರುವ ನೆಪದಲ್ಲಿ ಎದ್ದು ಹೋದಳು.

*

ಹಿಂದಿನ ಬೇಸಿಗೆಯಲ್ಲಿ ಅತ್ತೆಯನ್ನು ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದವಳು ಶ್ಯಾಮಲಾನೇ. ಪೀಣ್ಯದ ಕಂಪನಿಗೆ ರಜೆ ಹಾಕಿ ಆಟೋ ತಂದು ನಿಲ್ಲಿಸಿದ್ದಳು. ಜೊತೆಗಿರಲಿ ಎಂದು ಅಂಜಿನಮ್ಮ ಮುನಿಲಕ್ಷ್ಮಮ್ಮನನ್ನೂ ಹತ್ತಿಸಿಕೊಂಡಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅವರ ಮುಂದೆ ಕೂತ ಅಂಜಿನಮ್ಮ ತೋರಿಸಬೇಕಾದದ್ದನ್ನು ಬಿಟ್ಟು ಕೈ, ಕತ್ತು, ಕೆನ್ನೆ ಎಲ್ಲವನ್ನೂ ತೋರಿಸಿದಳು. ಈ ಕಂದು ಚುಕ್ಕೆ ಏನು, ಬೆನ್ನಿನ ಮೇಲೆ ಮೇಣ ಮೆತ್ತಿದ ಹಾಗಿರುವ ಈ ಗಂಟುಗಳೇನು ಎಂದು ಒಂದೊಂದನ್ನೇ ಕೇಳಿದಳು. ಡಾಕ್ಟರು ಬೇಸರಪಡದೆ ಹೇಳಿದರು. ವಯಸ್ಸಾದ ಹಾಗೆ ಚರ್ಮ ತೆಳುವಾಗುತ್ತದೆ, ಒಳಗಿನ ಕೊಬ್ಬು ಕರಗುತ್ತದೆ, ಅದಕ್ಕೇ ಸುಕ್ಕು. ಬಿಸಿಲಿಗೆ ದುಡಿದ ಮೈಗೆ ಚುಕ್ಕೆ ಬರುವುದು ಸಹಜ. ಆ ಗಂಟುಗಳೂ ವಯಸ್ಸಿನವೇ, ಅದಕ್ಕೆ ಹೆದರಬೇಕಾಗಿಲ್ಲ. ಮಚ್ಚೆ ಬಣ್ಣವನ್ನೋ ಆಕಾರವನ್ನೋ ಬದಲಿಸಿದರೆ, ಬೆಳೆಯುತ್ತಾ ಹೋದರೆ ಮಾತ್ರ ತಂದು ತೋರಿಸಿ ಎಂದರು. ಅಂಜಿನಮ್ಮನಿಗೆ ಎಷ್ಟು ಸಮಾಧಾನವಾಯಿತೆಂದರೆ ಅಷ್ಟಕ್ಕೇ ಎದ್ದು ಹೊರಟಿದ್ದಳು. ಶ್ಯಾಮಲಾ ಭುಜ ಹಿಡಿದು ಕೂರಿಸಿದಳು.

ಸೊಂಟ ನೋಡಿದ ಮೇಲೆ ಡಾಕ್ಟರು ಕೈಗವಸು ಹಾಕಿಕೊಂಡರು. ಹುಣ್ಣಿನ ಅಂಚನ್ನು ಒತ್ತಿ ನೋಡಿದರು, ಗಂಟು ಕಟ್ಟಿದೆಯೇ ಎಂದು ತೊಡೆಯ ಸಂದಿಯಲ್ಲಿ ಬೆರಳಿಟ್ಟು ತಡವಿದರು. ಆಮೇಲೆ ಕೈಗವಸು ತೆಗೆದು ಹತ್ತಿರ ಕೂತರು.

"ಇದು ಸರ್ಪಸುತ್ತು ಅಲ್ಲಮ್ಮ. ಅದು ಮೈಯ ಒಂದು ಪಕ್ಕಕ್ಕೆ ಬರುತ್ತೆ, ಉರಿಯುತ್ತೆ, ಮೂರ್ನಾಲ್ಕು ವಾರಕ್ಕೆ ಒಣಗಿ ಹೋಗುತ್ತೆ. ಇದು ಲಾಡಿ ಉಜ್ಜಿ ಉಜ್ಜಿ ಆಗಿರೋದು. ಕಪ್ಪು ಗುರುತು ತುಂಬಾ ಜನಕ್ಕೆ ಇರುತ್ತೆ, ಅದರಿಂದ ಏನೂ ಆಗಲ್ಲ. ಆದ್ರೆ ಅದೇ ಜಾಗದಲ್ಲಿ ಹುಣ್ಣಾಗಿ ತಿಂಗಳಾದ್ರೂ ಮಾಯದೆ, ಅಂಚು ಗಟ್ಟಿಯಾಗಿ, ಮುಟ್ಟಿದ್ರೆ ರಕ್ತ ಬಂದ್ರೆ ಬಿಡಬಾರದು. ನೋವಿಲ್ಲ ಅಂತಾನೂ ಸುಮ್ನಿರಬಾರದು. ಬೇಗ ಬಂದ್ರೆ ಅಷ್ಟು ಜಾಗ ಕತ್ತರಿಸಿ ತೆಗೆದು ಮನೆಗೆ ಕಳಿಸ್ತೀವಿ."

"ನಾನು ಬೇಗ ಬಂದ್ನೇನವ್ವ?" ಎಂದಳು ಅಂಜಿನಮ್ಮ.

ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ, ಆಮೇಲೆ ಮಾತಾಡೋಣ ಎಂದರು ಡಾಕ್ಟರು. ಅವರ ಕಣ್ಣು ಮಾತ್ರ ಮೇಜಿನ ಮೇಲಿತ್ತು.

ಹೊರಗೆ ಬೆಂಚಿನ ಮೇಲೆ ಕೂತಾಗ ಅಂಜಿನಮ್ಮ ವಾರಗಿತ್ತಿಯ ಕಿವಿಯಲ್ಲಿ ನಿಂದೂ ತೋರಿಸಿಬಿಡು, ಬಂದಿದ್ದೀಯಲ್ಲ ಎಂದಳು. ಆಗ ಮುನಿಲಕ್ಷ್ಮಮ್ಮನಿಗೆ ಇದ್ದದ್ದು ಬರೀ ಕಪ್ಪು ಗುರುತು, ಚೂರು ಹೊಟ್ಟು. ನನಗೇನಾಗೈತೆ ಎಂದು ನಕ್ಕಿದ್ದಳು. ಹುಣ್ಣಾದ ಮೇಲೆ ಅವಳು ಮಾಡಿಕೊಂಡ ಔಷಧಿ ಎಂದರೆ ಲಾಡಿಯ ಗಂಟನ್ನು ಎಡದಿಂದ ಬಲಕ್ಕೆ ತಂದದ್ದು. ಹೇಳಿದರೆ ನಿಜವಾಗುತ್ತದೆ, ಹೇಳದಿದ್ದರೆ ಇನ್ನೂ ಸ್ವಲ್ಪ ದಿನ ಸುಳ್ಳಾಗಿಯೇ ಇರುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ದಿನ ತಳ್ಳಿದ್ದಳು. ಅಕ್ಕನ ತಿಥಿ ಕಳೆಯಲಿ ಎನ್ನುವುದು ಇವತ್ತಿನ ಬೆಳಗಿನ ಸಮಾಧಾನ.

*

ಉಳಿದಿದ್ದ ತುಂಡು ಜಮೀನಿನಲ್ಲಿ, ರಟ್ಟಿನ ಡಬ್ಬ ಮಾಡುವ ಫ್ಯಾಕ್ಟರಿಯ ಗೋಡೆ ಪಕ್ಕ ಜೆಸಿಬಿಯಲ್ಲಿ ಗುಂಡಿ ತೆಗೆಸಿದ್ದರು. ಶಿಫ್ಟ್ ಬಿಟ್ಟು ಹೊರಟವರು ಬೈಕು ನಿಲ್ಲಿಸಿ ಕೈಮುಗಿದು ಹೋದರು. ಮಗ ಶಶಿಕುಮಾರ್ ಮೊದಲು ಮಣ್ಣು ಹಾಕಿದ, ಆಮೇಲೆ ಎಲ್ಲರೂ ಹಾಕಿದರು. ಮುನಿಲಕ್ಷ್ಮಮ್ಮ ಮಣ್ಣಿಗೆಂದು ಬಗ್ಗಿದಾಗ ಎಡ ಸೊಂಟದಲ್ಲಿ ಏನೋ ಹರಿದಂತಾಯಿತು. ಬೆಚ್ಚಗೆ ಒದ್ದೆಯಾಗಿದ್ದು ಅವಳಿಗೆ ಗೊತ್ತಾಯಿತು. ನೋವು ಮಾತ್ರ ಆಗಲಿಲ್ಲ. ನೋವಾಗದೆ ಇದ್ದದ್ದಕ್ಕೇ ಅವಳಿಗೆ ಡಾಕ್ಟರ ಮಾತು ನೆನಪಾಯಿತು.

ಮಣ್ಣಿಗೆ ಹೋಗಿ ಬಂದವರು ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹುಯ್ದುಕೊಂಡು ಒಳಗೆ ಬರಬೇಕು. ಹಿತ್ತಲ ಬಚ್ಚಲಿಗೆ ಹೆಂಗಸರು ಒಬ್ಬರಾದ ಮೇಲೊಬ್ಬರು ಹೋದರು. ಮೊದಲೇ ಮಿಂದಿದ್ದ ಶ್ಯಾಮಲಾ ಬಾಗಿಲಲ್ಲಿ ನಿಂತು ಒಣಬಟ್ಟೆ ಕೊಡುತ್ತಿದ್ದಳು. ಮುನಿಲಕ್ಷ್ಮಮ್ಮ ಒಳಗೆ ಹೋಗಿ ಚಿಲಕ ಹಾಕಿದಳು. ಎಡಮಗ್ಗುಲಿಗೆ ಹೆಚ್ಚು ಬೀಳದ ಹಾಗೆ ಬಲಕ್ಕೆ ಬಾಗಿ ನೀರು ಹುಯ್ದುಕೊಂಡಳು. ಒಲೆಯ ಹಂಡೆಯಲ್ಲಿದ್ದ ಬಿಸಿನೀರನ್ನು ಮುಟ್ಟಲಿಲ್ಲ, ಸಂಜೆಯ ತಣ್ಣೀರಿಗೆ ಮೈ ನಡುಗಿತು. ಸೀರೆ ಕಳಚಿ ಲಾಡಿಗೆ ಕೈ ಹಾಕಿದರೆ ನೆನೆದ ಗಂಟು ಬಿಗಿದು ಕೂತಿತ್ತು. ಉಗುರು ಹಾಕಿದಳು, ಜಗ್ಗಿದಳು, ಅದು ಇನ್ನೂ ಬಿಗಿಯಿತು.

ಹೊರಗಿನಿಂದ ಹನುಮಕ್ಕ ಎಷ್ಟೊತ್ತೇ ಎಂದು ಕೂಗಿದಳು.

"ಚಿಕ್ಕತ್ತೆ, ಏನಾಯ್ತು?" ಶ್ಯಾಮಲಾಳ ಧ್ವನಿ ಬಾಗಿಲಿಗೆ ತೀರಾ ಹತ್ತಿರದಲ್ಲಿತ್ತು.

ಏನಿಲ್ಲ ಎನ್ನಬಹುದಿತ್ತು. ಒದ್ದೆ ಲಂಗದ ಮೇಲೇ ಒಣಸೀರೆ ಸುತ್ತಿಕೊಂಡು ಹೊರಬಂದು, ತಿಥಿಯವರೆಗೆ, ಅದಾದ ಮೇಲೆ ಯುಗಾದಿಯವರೆಗೆ ತಳ್ಳಬಹುದಿತ್ತು. ಮುನಿಲಕ್ಷ್ಮಮ್ಮ ಚಿಲಕದ ಮೇಲೆ ಕೈಯಿಟ್ಟು ನಿಂತಳು. ಜಗುಲಿಯ ಮಂಚ ಕಣ್ಣ ಮುಂದೆ ಬಂತು. ನಾನು ಬೇಗ ಬಂದ್ನೇನವ್ವ ಎಂದು ಕೇಳಿದ ಅಕ್ಕನ ಮುಖವೂ ಬಂತು. ಅವಳಿಗೆ ಅಳು ಬಂತು, ಬದುಕಬೇಕು ಅನ್ನಿಸಿತು.

ಚಿಲಕ ತೆಗೆದಳು.

"ಗಂಟು ಬಿಚ್ಚಕ್ಕಾಗ್ತಿಲ್ಲ ಕಣಮ್ಮ. ಕತ್ತರಿ ತತ್ತಾ. ನೀನೊಬ್ಳೇ ಬಾ."

ಶ್ಯಾಮಲಾ ಕತ್ತರಿ ತಂದು ಒಳಗೆ ಬಂದಳು, ಬಾಗಿಲು ಮುಂದೆ ಮಾಡಿದಳು. ಮಂಡಿಯೂರಿ ಕೂತು, ಚರ್ಮಕ್ಕೆ ತಾಗದಂತೆ ಲಾಡಿಯ ಕೆಳಗೆ ಕತ್ತರಿಯ ತುದಿ ತೂರಿಸಿ ಕತ್ತರಿಸಿದಳು. ಲಾಡಿ ಎರಡಾಗಿ ಬಿಟ್ಟುಕೊಂಡಿತು. ನೆನೆದು ಭಾರವಾಗಿದ್ದ ಲಂಗ ಬಲಗಡೆ ಮೊಣಕಾಲಿನವರೆಗೂ ಜಾರಿತು.

ಎಡಗಡೆ ಅದು ಬೀಳಲಿಲ್ಲ. ಹಿಡಿಯುವ ದಾರವಿಲ್ಲದಿದ್ದರೂ, ಅಂಗೈಯಷ್ಟು ಬಟ್ಟೆ ಮೈಗೇ ಕಚ್ಚಿಕೊಂಡು ನಿಂತಿತ್ತು.

ಶ್ಯಾಮಲಾ ಅದನ್ನು ಎಳೆಯಲಿಲ್ಲ, ಎಷ್ಟು ದಿನವಾಯಿತು ಎಂದು ಕೇಳಲೂ ಇಲ್ಲ. ಕತ್ತರಿ ಕೆಳಗಿಟ್ಟು, ಒಲೆಯ ಮೇಲಿನ ಹಂಡೆಯಿಂದ ಬಿಸಿನೀರು ಬೆರೆಸಿಕೊಂಡು, ಬಟ್ಟೆ ಬಿಡುವವರೆಗೆ ಸ್ವಲ್ಪಸ್ವಲ್ಪವಾಗಿ ಹುಯ್ಯತೊಡಗಿದಳು. ಮುನಿಲಕ್ಷ್ಮಮ್ಮ ಗೋಡೆ ಹಿಡಿದು ನಿಂತು, ಕಾಲ ಬುಡದಲ್ಲಿ ಕೆಂಪಗಾಗಿ ಬಚ್ಚಲ ತೂಬಿನ ಕಡೆ ಹರಿಯುತ್ತಿದ್ದ ನೀರನ್ನು ನೋಡುತ್ತಿದ್ದಳು.