ಮುಗಿಯದ ಅಮಾವಾಸ್ಯೆ

ಅಮಾವಾಸ್ಯೆಯ ದಿನ ಈ ಗೌಳಿ ದಡ್ಡಿಯಲ್ಲಿ, ಎಮ್ಮೆ ಸಾಕುವವರ ಈ ಹಟ್ಟಿಯಲ್ಲಿ, ಹಾಲು ಮಾರುವುದಿಲ್ಲ. ಅಂದಿನ ಹಾಲು ದೇವರದು, ಕರುಗಳದು, ಮಕ್ಕಳದು. ಹಾಲಿನ ಗಾಡಿಯ ಮಡಿವಾಳೆಪ್ಪನಿಗೂ ಇದು ಗೊತ್ತು. ಆ ದಿನ ಅವನು ಬಮ್ಮಿಗಟ್ಟಿ ದಾಟಿ ಕಾಡಿನಂಚಿಗೆ ಬರುವುದೇ ಇಲ್ಲ. ಆದರೆ ಮರುದಿನವೂ ದಡ್ಡಿಯ ಕ್ಯಾನುಗಳು ಬೋರಲು ಬಿದ್ದಿದ್ದು ಕಂಡು ಅವನ ತಲೆ ಗಿರ್ರೆಂದಿತು.

"ಏನಬೇ ಠಕ್ಕೂಬಾಯಿ, ಹಾಲೆಲ್ಲಿ? ಅಮಾಸಿ ನಿನ್ನೇನ ಮುಗೀತಲ್ಲ?"

"ನಿಮ್ಮೂರಾಗ ಮುಗದಿರಬೇಕ್ರಿ. ನಮ್ಮ ದಡ್ಡಿಗೆ ಇನ್ನೂ ಐತಿ," ಎಂದಳು ಠಕ್ಕೂಬಾಯಿ, ಎಮ್ಮೆಯ ಬೆನ್ನು ತಿಕ್ಕುತ್ತ.

ಅವಳ ಸೊಸೆ ಸವಿತಾ ಏಳು ತಿಂಗಳ ಬಸುರಿ. ಹಳ್ಳದಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಏದುಸಿರು; ಕಣ್ಣ ರೆಪ್ಪೆಯೊಳಗೆ ಕೆಂಪೇ ಇಲ್ಲ. ಹೋದ ಮಳೆಗಾಲ ಬಾಜೂ ಗುಡಿಸಲಿನ ಹುಡುಗಿ ಹೀಗೇ ಬಿಳಿಚಿ ಬಿಳಿಚಿ ಹೆರಿಗೆಯಲ್ಲಿ ಹೋಗಿಬಿಟ್ಟಿದ್ದಳು. ಅವಳನ್ನು ಒಮ್ಮೆಯೂ ಡಾಕ್ಟರು, ನರ್ಸು ಯಾರೂ ಮುಟ್ಟಿ ನೋಡಿರಲಿಲ್ಲ. ಎಮ್ಮೆಗಳಿಗಾದರೋ ದನದ ಡಾಕ್ಟರು ಜೀಪಿನಲ್ಲಿ ಬಂದು, ಒಂದನ್ನೂ ಬಿಡದೆ ಸೂಜಿ ಚುಚ್ಚಿ, ಕಿವಿಗೆ ಹಳದಿ ಬಿಲ್ಲೆ ಹೊಡೆದು ಹೋಗುತ್ತಾರೆ. ಎಮ್ಮೆಗೆ ಸಿಗುವ ದಾರಿ ಎಮ್ಮೆ ಕಾಯುವವಳಿಗೆ ಯಾಕೆ ಸಿಗುವುದಿಲ್ಲ? ಹಾಲಿನಲ್ಲಿ ಕೊಬ್ಬೆಷ್ಟು ಎಂದು ಪೇಟೆ ದಿನಾ ಅಳೆಯುತ್ತದೆ. ಕರೆಯುವವಳ ಮೈಯಲ್ಲಿ ರಕ್ತವೆಷ್ಟು ಎಂದು ಕೇಳುವುದಿಲ್ಲ.

"ಬಸುರ್ಯಾರ್ನ ನೋಡಾಕ ನರ್ಸಬಾಯಿ ಬರೂತನಕ ಇಲ್ಲಿ ಅಮಾಸೀನರಿ," ಎಂದಳು ಠಕ್ಕೂಬಾಯಿ.

"ನರ್ಸಬಾಯಿ ನನ್ನ ಕಿಸೇದಾಗ ಅದಾಳೇನು?"

"ಕಿಸೇದಾಗ ಇಲ್ಲ ಬಿಡ್ರಿ. ಗಾಡಿ ಐತಲ್ಲ? ದಿನಾ ಖಾಲಿ ಕ್ಯಾನ ಕುಂದ್ರಿಸ್ಕೊಂಡು ಬರ್ತೀರಿ. ಒಂದಿನ ಮನಷ್ಯಾರನ್ನ ಕುಂದ್ರಿಸ್ಕೊಂಡು ಬರ್ರಿ."

"ಆಕಿ ಬರಾಕ ಒಪ್ಪಬೇಕಲ್ಲ?"

"ಇಲ್ಲಿಗೆ ಬರೂ ಮುಂದ ಹಳ್ಳದ ರಾಡ್ಯಾಗ ಆಕಿ ಸ್ಕೂಟಿ ಹುಗದಿತ್ತು. ಎಳದು ತಗದಾಕಿ ನಾನ. ಗಾಡಿ ಸಿಕ್ರ ವಾರಾ ವಾರಾ ಬರ್ತೀನಿ ಅಂದಾಳ."

"ಹಾಲು ಕೆಡ್ತೈತಿ ನೋಡ, ಲುಕ್ಸಾನ ನಿಮಗ!"

"ನಿಮ್ಮ ಡೇರಿ ಬರೂಕ್ಕಿಂತ ಮೊದಲ ನಮ್ಮ ಹಿರ್ಯಾರು ಬೆಣ್ಣಿ ಮಾರೇ ಬದಕ್ಯಾರರಿ. ಕಡಗೋಲು ಇನ್ನೂ ಮುರದಿಲ್ಲ."

ಮಡಿವಾಳೆಪ್ಪ ಗೊಣಗುತ್ತ ಗಾಡಿ ತಿರುಗಿಸಿದ. ಧೂಳು ಕರಗುವವರೆಗೂ ಠಕ್ಕೂಬಾಯಿ ನೆಟ್ಟಗೆ ನಿಂತಿದ್ದಳು. ಆಮೇಲೆ ಬೋರಲು ಬಿದ್ದ ಕ್ಯಾನುಗಳತ್ತ ತಿರುಗಿ ನೋಡಿದಳು. ಗಾಡಿ ಇನ್ನು ಬರದೇ ಹೋದರೆ? ದಡ್ಡಿಯ ಹೆಂಗಸರೆಲ್ಲ ಅವಳ ಮಾತು ನಂಬಿ ಹೆಪ್ಪು ಹಾಕಿ ಕೂತಿದ್ದರು. ಗುಡಿಸಲು ಗುಡಿಸಲಿನಲ್ಲೂ ಮೊಸರು ಕಡೆಯುವ ಸದ್ದು, ಮಕ್ಕಳ ತುಟಿಯ ಮೇಲೆ ಹಾಲಿನ ಮೀಸೆ. ಹಾಲಿನ ಜಾತಿಯವರ ಮಕ್ಕಳು ಹೊಟ್ಟೆ ತುಂಬ ಹಾಲು ಕುಡಿದು ಎಷ್ಟು ಕಾಲವಾಗಿತ್ತೋ!

"ಸಾಕು ಆತ್ಯಾ," ಅಂದಳು ಸವಿತಾ ಅತ್ತೆಗೆ, ಲೋಟ ಸರಿಸಿ. "ಹೊಟ್ಟ್ಯಾಗಿಂದು ಈಜಾಕ ಹತ್ತೈತಿ."

"ಈಜಲಿ ಬಿಡು. ಹೊರಗ ಬರಾಕ ಕಲೀತೈತಿ."

ಮತ್ತೊಂದು ಬೆಳಗೂ ಗಾಡಿಯಿಲ್ಲದೆ ಹೋಯಿತು. ಅದರ ಮರುಬೆಳಗು, ಮಂಗಳವಾರ, ಹಳ್ಳದ ಕಡೆಯಿಂದ ಹಾರ್ನ್ ಕೇಳಿಸಿತು. ಗಾಡಿಯಿಂದ ಮೊದಲು ಇಳಿದವಳು ನರ್ಸ್ ದಾನೇಶ್ವರಿ. ಹಿಂದೆಯೇ ಮಡಿವಾಳೆಪ್ಪ, ಅವಳ ಔಷಧಿ ಪೆಟ್ಟಿಗೆಯನ್ನು ತತ್ತಿಬುಟ್ಟಿಯಂತೆ ಎದೆಗವಚಿಕೊಂಡು.

ದಾನೇಶ್ವರಿ ಸವಿತಾಳ ಬೆರಳು ಚುಚ್ಚಿ ನೋಡಿದಳು. ಹುಬ್ಬು ಗಂಟಾಯಿತು. "ರಕ್ತ ಭಾಳ ಕಡಿಮಿ ಐತಿ. ಬರೇ ಗುಳಿಗಿಗೆ ಆಗೂದಲ್ಲ, ಕಲಘಟಗಿ ದವಾಖಾನ್ಯಾಗ ರಕ್ತ ಹೆಚ್ಚಾಗೂ ಸಲಾಯಿನ್ ಹಚ್ಚಬೇಕು. ಹೆದರಬ್ಯಾಡ, ಟೈಮಿಗೆ ಸಿಕ್ಕೀದಿ. ಇವತ್ತ ಹೋಗೂಣು."

ಠಕ್ಕೂಬಾಯಿ ಸೊಸೆಯ ಪಕ್ಕ ಬಂದು ಕೂತಳು. ಟೈಮಿಗೆ ಸಿಕ್ಕೀದಿ. ಬಾಜೂ ಗುಡಿಸಲಿನ ಹುಡುಗಿಗೆ ಸಿಗದೇ ಹೋದ ಮಾತು ಅದು.

"ನಿಮ್ಮ ಕೈನೂ ತಗೀರಿ, ಬಿಪಿ ನೋಡ್ತೀನಿ," ಎಂದಳು ದಾನೇಶ್ವರಿ.

"ನೋಡವಾ. ಕಿವಿಗೆ ಬಿಲ್ಲಿ ಹೊಡೀದಿದ್ರ ಸಾಕು."

ದಡ್ಡಿಯೆಲ್ಲ ನಕ್ಕಿತು. ಸವಿತಾಳನ್ನು ಮುಂದಿನ ಸೀಟಿನಲ್ಲಿ ಕಿಟಕಿಗೆ ಕೂಡ್ರಿಸಿ, ಆಮೇಲೆ ಹಾಲಿನ ಕ್ಯಾನು ಏರಿಸಿದರು. ಯಾವಾಗಲೂ ಗಾಡಿ ಕುಲುಕಾಡಿಸಿಕೊಂಡು ಓಡಿಸುವ ಮಡಿವಾಳೆಪ್ಪ ಅಂದು ಒಂದೊಂದು ಗುಂಡಿಯನ್ನೂ ತಪ್ಪಿಸಿಕೊಂಡು ಹೊರಟ.

"ಮಡಿವಾಳೆಪ್ಪಾರ, ಮುಂದಿನ ಮಂಗಳವಾರ ನರ್ಸಬಾಯಿನ್ನ ಮರತ್ರ..." ಎಂದು ಹಿಂದಿನಿಂದ ಕೂಗಿದಳು ಠಕ್ಕೂಬಾಯಿ.

ಅವನು ಕಿಟಕಿಯಿಂದ ಕೈ ಹೊರಹಾಕಿ ಒದರಿದ: "ಗೊತ್ತೈತಿ ಬೇ, ಅಮಾಸಿ!"