ತಲೆಗೆ ಸವರಿದ ದ್ರಾಕ್ಷಾರಸ

ನಾನು ಪಾದ್ರಿಯಾಗುವುದಿಲ್ಲ ಎಂದು ಹೇಳಲು ಉಳಿದಿದ್ದದ್ದು ಅದೊಂದೇ ಬೆಳಗು. ಮಧ್ಯಾಹ್ನದ ಊಟವಾದ ಮೇಲೆ ಪಾದ್ರಿ ಅಯ್ಯನವರು ದೇವಜ್ಞಾನ ಶಾಲೆಗೆ ಹೋಗುವವರ ಹೆಸರು ಕೂಗುವವರಿದ್ದರು. ಗೌರಿಬಿದನೂರಿನ ಚರ್ಚಿನಲ್ಲಿ ಉಪದೇಶಿಯಾಗಿದ್ದ ನಮ್ಮಪ್ಪ ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಸರು ಕೊಟ್ಟುಬಿಟ್ಟಿದ್ದರು. ನನಗೆ ಬೇಕಾಗಿದ್ದದ್ದು ಇಂಟರ್‌ಮೀಡಿಯೆಟ್, ಆಮೇಲೆ ಬಿ.ಎಸ್ಸಿ. ಹಾಸ್ಟೆಲಿನ ಲೈಬ್ರರಿಯಲ್ಲಿದ್ದ ಭೌತಶಾಸ್ತ್ರದ ಪುಸ್ತಕವನ್ನು ಬೈಂಡು ಕಿತ್ತುಹೋಗುವಷ್ಟು ಓದಿದ್ದೆ. ಅಪ್ಪನಿಗೆ ಅದೆಲ್ಲ ಗೊತ್ತಿರಲಿಲ್ಲ, ಗೊತ್ತಾಗಬೇಕೆಂದು ಅವರಿಗೆ ಅನ್ನಿಸಿಯೂ ಇರಲಿಲ್ಲ.

ಆ ದಿನದ ಧ್ಯಾನಕೂಟ ನಡೆದದ್ದು ಚಿಂತಾಮಣಿ ರಸ್ತೆಯ ಮಾವಿನ ತೋಪಿನಲ್ಲಿದ್ದ ಸಣ್ಣ ಗುಡಿಯಂಥ ಚರ್ಚಿನಲ್ಲಿ. ಅಡುಗೆಯವನನ್ನೂ ಅಲ್ಲಿಗೆ ಕರೆಸಿಕೊಂಡಿದ್ದರಿಂದ ಚಿಕ್ಕಬಳ್ಳಾಪುರದ ನಮ್ಮ ಮಿಷನ್ ಹಾಸ್ಟೆಲಿನಲ್ಲಿ ಒಲೆ ಉರಿಯುವಂತಿರಲಿಲ್ಲ. ಹಾಗಾಗಿ ನನ್ನ ರೂಮಿನ ಇಬ್ಬರೂ ಅನ್ನ ಹುಡುಕಿಕೊಂಡು ನನ್ನ ಜೊತೆ ಬಂದಿದ್ದರು. ಒಬ್ಬ ದಿಬ್ಬೂರಹಳ್ಳಿಯ ರಾಮಾಂಜಿನಪ್ಪ, ರೇಷ್ಮೆ ಹುಳು ಸಾಕುವ ಮನೆಯವನು. ಇನ್ನೊಬ್ಬ ಮುರುಗಮಲ್ಲದ ಗೌಸ್ ಪೀರ್.

"ಇವತ್ತು ಹೇಳೇಬಿಡ್ತೀನಿ ಕಣ್ರೋ," ಎಂದೆ, ಬಾವಿಕಟ್ಟೆಯ ಹತ್ತಿರ ಮುಖ ತೊಳೆಯುತ್ತ.

"ಹೋದ ವಾರಾನೂ ಇದೇ ಹೇಳ್ದೆ," ಎಂದ ಗೌಸ್ ಪೀರ್. "ಪಾದ್ರಿ ಅಂಗಿ ಹೊಲಿಸೋವಾಗ ಜೇಬು ದೊಡ್ಡದಾಗಿ ಇಡ್ಸು. ನಮ್ಗೂ ಆಗುತ್ತೆ."

"ಸುಮ್ನಿರೋ. ಎಲೀಷ, ನೀನು ಹೇಳೋವಾಗ ನಾನು ಪಕ್ಕದಲ್ಲಿ ನಿಂತ್ಕೋತೀನಿ ಬಿಡಪ್ಪ. ಧೈರ್ಯಕ್ಕಿರ್ಲಿ," ಎಂದ ರಾಮಾಂಜಿನಪ್ಪ.

ಚರ್ಚಿನ ಬಾಗಿಲಲ್ಲಿ ಇಬ್ಬರಿಗೂ ಹೇಳಿದೆ: "ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ನಾವು ಎದ್ದಾಗ ಎದ್ದೇಳಿ, ಕೂತಾಗ ಕೂತ್ಕೊಳ್ಳಿ. ಮಾತಾಡ್ಬೇಡಿ." ಇಷ್ಟು ಹೇಳಿದರೆ ಸಾಕೆಂದುಕೊಂಡಿದ್ದೆ.

ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನ ದೀಕ್ಷಾಸ್ನಾನವಾದವರಿಗೆ ಮಾತ್ರ. ಆ ಹೊತ್ತಿಗೆ ನಾವೆಲ್ಲ ಎದ್ದು ಮೇಜಿನ ಮುಂದಿನ ಮರದ ಕಟಾಂಜನಕ್ಕೆ ಹೋದೆವು. ಮೊಣಕಾಲೂರಿ ಕಣ್ಣು ಮುಚ್ಚಿ, ಅಯ್ಯನವರಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಯಾರೋ ಮೊಣಕಾಲೂರಿದರು. ಹರಳೆಣ್ಣೆಯ ವಾಸನೆ ಬಂತು. ನಮ್ಮ ಹಾಸ್ಟೆಲಿನಲ್ಲಿ ಅಷ್ಟೊಂದು ಹರಳೆಣ್ಣೆ ಹಚ್ಚುವ ತಲೆ ನನಗೆ ಗೊತ್ತಿದ್ದದ್ದು ಒಂದೇ.

ಕಣ್ಣು ಬಿಟ್ಟೆ. ರಾಮಾಂಜಿನಪ್ಪ ರೊಟ್ಟಿಯ ಚೂರನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಕರವಸ್ತ್ರದಲ್ಲಿ ಗಂಟು ಕಟ್ಟಿ ಜೇಬಿಗೆ ಹಾಕಿದ. ಅಯ್ಯನವರು ಈ ಸೀಮೆಗೆ ಹೊಸಬರು, ಎಲ್ಲರ ಮುಖ ಗುರುತಿರಲಿಲ್ಲ. ಅರೆಗಣ್ಣು ಮುಚ್ಚಿ ವಾಕ್ಯ ಹೇಳುತ್ತ ಸಣ್ಣ ಗ್ಲಾಸುಗಳ ತಟ್ಟೆ ಹಿಡಿದುಕೊಂಡು ಬಂದರು. ನಾನು ನನ್ನ ಗ್ಲಾಸನ್ನು ಬಾಯಿಗೆ ಸುರಿದುಕೊಂಡೆ. ಅವನು ತನ್ನದನ್ನು ಬಲ ಅಂಗೈಯ ಗುಳಿಗೆ ಬಗ್ಗಿಸಿಕೊಂಡು ಸೊರ್ರೆಂದು ಹೀರಿದ. ಗ್ಲಾಸನ್ನು ಅವರ ತಟ್ಟೆಗಿಟ್ಟು ಮತ್ತೆ ಅಂಗೈ ಚಾಚಿದ. ಅಯ್ಯನವರ ಕೈ ತಾನಾಗಿಯೇ ಇನ್ನೊಂದು ಗ್ಲಾಸು ಕೊಟ್ಟಿತು. ಅದನ್ನೂ ಹೀರಿ, ಕೈಯಲ್ಲುಳಿದದ್ದನ್ನು ಭಕ್ತಿಯಿಂದ ನೆತ್ತಿಗೆ ಸವರಿಕೊಂಡ. ಎಣ್ಣೆ ತಲೆಯಲ್ಲಿ ದ್ರಾಕ್ಷಾರಸ ನಿಲ್ಲಲಿಲ್ಲ. ಹಣೆಯ ಮೇಲಿಂದ ಇಳಿದು ಮೂಗಿನ ತುದಿಯಲ್ಲಿ ತೂಗಾಡಿತು. ಅವನು ತಲೆಯೆತ್ತಿ ಗಂಟೆ ಹುಡುಕಿದ. ಕಾಣದೆ ನನ್ನ ಕಿವಿಯ ಹತ್ತಿರ ಬಗ್ಗಿದ.

"ಹೂವು ಕೊಡಲ್ವೇನೋ?"

ಬಾಯಲ್ಲಿದ್ದದ್ದು ಮೂಗಿಗೇರಿತು. ಹಣೆಯನ್ನು ಕಟಾಂಜನಕ್ಕೆ ಒತ್ತಿ ತುಟಿ ಕಚ್ಚಿದೆ. ಭುಜ ನನ್ನ ಮಾತು ಕೇಳಲಿಲ್ಲ. ಕಣ್ಣಿಂದ ನೀರು ಸುರಿಯಿತು, ಗಂಟಲಿಂದ ಕರು ಕೂಗಿದಂಥ ಸದ್ದು ಬಂತು. ನನ್ನ ತಲೆಯ ಮೇಲೆ ಒಂದು ಕೈ ಕುಳಿತಿತು.

"ಅಳು ಮಗನೇ," ಎಂದರು ಅಯ್ಯನವರು. ಆಮೇಲೆ ಸಭೆಯ ಕಡೆ ತಿರುಗಿ, "ದೇವರ ಕರೆ ಬಂದಾಗ ಮನುಷ್ಯ ಹೀಗೆ ಒಡೆದುಹೋಗುತ್ತಾನೆ. ನಮ್ಮ ಉಪದೇಶಿಗಳ ಮಗನನ್ನು ನೋಡಿರಿ," ಎಂದರು.

ಮುಂದಿನ ಸಾಲಿನಲ್ಲಿ ಅಪ್ಪ ಶಲ್ಯದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಹೊರಗೆ ಬಂದಾಗ ಗೌಸ್ ಪೀರ್ ಮಾವಿನ ಮರಕ್ಕೊರಗಿ ನಿಂತಿದ್ದ. "ಪಾದ್ರಿ ಸಾಹೇಬ್ರಿಗೆ ಸಲಾಂ," ಎಂದ.

ನಾನು ರಾಮಾಂಜಿನಪ್ಪನ ಮೇಲೆ ಹರಿಹಾಯ್ದೆ. "ನಿನ್ನ ಯಾರೋ ಬಾ ಅಂದಿದ್ದು?"

"ಎದ್ದಾಗ ಎದ್ದೇಳು ಅಂದಿದ್ದು ನೀನೇ ಅಲ್ವೇನಪ್ಪ? ತೀರ್ಥ ಕೊಡೋವಾಗ ಕಾಲು ಚಾಚ್ಕೊಂಡು ಕೂತಿರಕ್ಕಾಗುತ್ತಾ? ಮೂರು ಸಲ ಕೊಡ್ಬೇಕು. ನಿಮ್ಮೋರು ಎರಡಕ್ಕೇ ನಿಲ್ಸಿದ್ರು."

ಸಿಟ್ಟಿನಲ್ಲೇ ಚರ್ಚಿನ ಹಿಂದಿನ ಕೋಣೆಗೆ ನಡೆದೆ. ಮಾತು ಕೊಟ್ಟಿದ್ದನೆಂದು ಅವನೂ ಹಿಂದೆಯೇ ಬಂದ. ಅಯ್ಯನವರ ಜೊತೆ ಅಪ್ಪನೂ ಇದ್ದರು.

"ನನಗೆ ಪಾದ್ರಿ ಆಗೋ ಇಷ್ಟ ಇಲ್ಲ," ಎಂದೆ. ಕೊನೆಗೂ ಹೇಳಿದ್ದೆ.

ಅಯ್ಯನವರು ನಕ್ಕರು. "ಎಲ್ಲರೂ ಮೊದಲು ಹಾಗೇ ಹೇಳುತ್ತಾರೆ. ಇಷ್ಟವಿಲ್ಲದಿದ್ದರೆ ಆ ಕಣ್ಣೀರು ಯಾಕೆ ಬಂತಪ್ಪ?"

"ಅದು ಅಳು ಅಲ್ಲ. ನಗು."

ಅಪ್ಪನ ಮುಖ ಕಪ್ಪಿಟ್ಟಿತು. ಅಯ್ಯನವರ ದನಿ ಗಡುಸಾಯಿತು. "ಪ್ರಭುವಿನ ಮೇಜಿನ ಮುಂದೆ ನಕ್ಕೆಯಾ? ಯಾಕೆ?"

ರಾಮಾಂಜಿನಪ್ಪನ ಹಣೆಯ ಮೇಲೆ ಕೆಂಪು ಗೆರೆ ಒಣಗಿ ಇನ್ನೂ ಹಾಗೇ ಇತ್ತು. ಕಾರಣ ಹೇಳಿದರೆ ಅವನು ಸಂಜೆಯೊಳಗೆ ಟ್ರಂಕು ಹೊತ್ತು ದಿಬ್ಬೂರಹಳ್ಳಿ ಸೇರುತ್ತಿದ್ದ.

"ಸುಳ್ಳು ಸ್ವಾಮಿ," ಎಂದು ಅವನೇ ಮುಂದೆ ಬಂದ. "ಅತ್ತಿದ್ದೇ. ನಾನು ಪಕ್ಕದಲ್ಲೇ ಇದ್ದೆ, ಕಣ್ಣಾರೆ ಕಂಡೆ. ಇವ್ನಿಗೆ ನಾಚ್ಕೆ, ಅದಕ್ಕೆ ಹಿಂಗಂತಾನೆ."

"ಒಳ್ಳೆಯ ಹುಡುಗ. ಎಲ್ಲಿಯವನು?"

"ದಿಬ್ಬೂರಳ್ಳಿ ಸ್ವಾಮಿ."

"ಅಲ್ಲಿಯೂ ನಮ್ಮವರಿದ್ದಾರೆಯೇ? ಸಂತೋಷ," ಎಂದರು ಅಯ್ಯನವರು. ಅಪ್ಪ ಅವನ ಬೆನ್ನು ತಟ್ಟಿದರು. ನನ್ನ ಕಡೆ ಇಬ್ಬರೂ ನೋಡಲಿಲ್ಲ. ಅವರ ಪಾಲಿಗೆ ಮಾತು ಮುಗಿದಿತ್ತು.

ಊಟದ ಪಂಕ್ತಿಯಲ್ಲಿ ರಾಮಾಂಜಿನಪ್ಪನನ್ನು ಕೇಳಿದೆ: "ಯಾಕೋ ಹಂಗಂದೆ?"

"ಮತ್ತೆ? ಪ್ರಸಾದದ ಮುಂದೆ ನಕ್ಕ ಅಂದ್ರೆ ನಿನ್ನ ಹಾಸ್ಟೆಲಿಂದ ಓಡಿಸ್ತಿದ್ರು. ಉಳಿಸ್ದೆ ಕಣೋ." ಅವನು ಕರವಸ್ತ್ರದ ಗಂಟು ಬಿಚ್ಚಿದ. "ಅಮ್ಮಂಗೆ ಅಂತ ಇಟ್ಟಿದ್ದೆ. ಅರ್ಧ ತಗೋ, ಸಪ್ಪಗಿದೀಯ."

ನಾನು ಮುಟ್ಟಲಿಲ್ಲ.

ಊಟವಾದ ಮೇಲೆ ಮತ್ತೆ ಬೆಂಚುಗಳಲ್ಲಿ ಕೂತೆವು. ಶಾಲೆಗೆ ಹೋಗಲು ಒಪ್ಪಿದವರು ಎದ್ದು ನಿಲ್ಲಬೇಕೆಂದು ಹೇಳಿ, ಅಯ್ಯನವರು ಮೊದಲು ನನ್ನ ಹೆಸರನ್ನೇ ಕೂಗಿದರು. ಕೂತೇ ಇರಬೇಕೆಂದುಕೊಂಡೆ. ಅಪ್ಪ ಮುಂದಿನ ಸಾಲಿನಿಂದ ತಿರುಗಿ ನೋಡಿದರು. ಎದ್ದೆ.

ಹಿಂದೆ ಬೆಂಚು ಕಿರುಗುಟ್ಟಿತು. ಅಯ್ಯನವರ ಮುಖ ಇನ್ನಷ್ಟು ಅರಳಿತು. ತಿರುಗಿ ನೋಡಿದರೆ ರಾಮಾಂಜಿನಪ್ಪನೂ ಎದ್ದು ಕೈಮುಗಿದು ನಿಂತಿದ್ದ.